ಬಣ್ಣ ಬಳಿದರೂ ಬಿಡದ ಸೀಸ

1857ರ ಪಾಠ ಓದಿದವರಿಗೆಲ್ಲ ಎನ್‌ಫೀಲ್ಡ್ ತೋಟಾದ ಕೊಬ್ಬಿನ ಕತೆ ಗೊತ್ತು. ಹಸುವಿನದೋ ಹಂದಿಯದೋ ಎಂಬ ಅನುಮಾನ ಬಂಗಾಳದ ದಂಡಿನಲ್ಲಿ ಹಬ್ಬಿದ್ದು, ಸಿಪಾಯಿಗಳು ತಿರುಗಿಬಿದ್ದದ್ದು ಪರೀಕ್ಷೆಗೆಂದು ಉರುಹೊಡೆದ ಸಂಗತಿ. ಅಷ್ಟಕ್ಕೂ ತೋಟಾಕ್ಕೆ ಕೊಬ್ಬು ಯಾಕೆ ಸವರಬೇಕಿತ್ತು ಎಂದು ಮೇಷ್ಟರನ್ನು ಕೇಳಿದವರು ಕಡಿಮೆ. ಆ ಬಂದೂಕಿನ ನಳಿಕೆಯೊಳಗೆ ಸುರುಳಿಯಾಗಿ ಗೀರು ಕೊರೆದಿತ್ತು. ಗುಂಡು ಬುಗುರಿಯ ಹಾಗೆ ತಿರುಗುತ್ತ ನೆಟ್ಟಗೆ ಹೋಗಲಿ ಎಂಬುದು ಉದ್ದೇಶ. ಆದರೆ ಸುಟ್ಟ ಮದ್ದಿನ ಮಸಿ ಆ ಗೀರುಗಳಲ್ಲಿ ಗಟ್ಟಿಯಾಗಿ ಕೂತರೆ ಮುಂದಿನ ಗುಂಡು ಒಳಗಿಳಿಯುವುದಿಲ್ಲ. ಮೆತ್ತನೆಯ ಸೀಸವೂ ನಳಿಕೆಗೆ ಹತ್ತಿಕೊಳ್ಳುತ್ತದೆ. ಮಸಿಯನ್ನು ಮೆದುವಾಗಿಡಲು, ಗುಂಡು ಜಾರಲು ಬೇಕಾಗಿದ್ದ ಜಿಡ್ಡು ಅದು.

ಗುಂಡಿಗೂ ನಳಿಕೆಗೂ ನಡುವೆ ಏನನ್ನು ಇಡಬೇಕೆಂಬ ಪ್ರಶ್ನೆಗೆ ಆಮೇಲೆ ಬೇರೆ ಬೇರೆ ಉತ್ತರಗಳು ಬಂದವು. ಬ್ರಿಟಿಷ್ ಸೈನ್ಯ 1871ರಲ್ಲಿ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ ಬಂದೂಕಿನ ಗುಂಡಿಗೆ ಕಾಗದ ಸುತ್ತುತ್ತಿದ್ದರು. 12 ಪಾಲು ಸೀಸಕ್ಕೆ 1 ಪಾಲು ತವರ ಬೆರೆಸಿ ಗುಂಡನ್ನೂ ತುಸು ಗಟ್ಟಿ ಮಾಡಿದ್ದರು. 1882ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ಸೀಸಕ್ಕೆ ತಾಮ್ರದ ಹೊದಿಕೆ ತೊಡಿಸಿದ. ಹೊಗೆಯಿಲ್ಲದ ಮದ್ದು ಬಂದು ವೇಗ ಏರಿದ ಮೇಲೆ ಸೈನ್ಯಗಳೆಲ್ಲ ಆ ದಾರಿಯನ್ನೇ ಹಿಡಿದವು. ಬರಿ ಸೀಸದ ಗುಂಡು ಹವ್ಯಾಸಿಗಳ ಪಾಲಿಗೆ ಉಳಿಯಿತು.

ಆ ಹವ್ಯಾಸಿಗಳಲ್ಲಿ ಹೆಚ್ಚಿನವರು ಇರುವುದು ಅಮೆರಿಕದಲ್ಲಿ. ಸ್ವಂತ ಬಳಕೆಗೆ ಗುಂಡು ಎರಕ ಹೊಯ್ದುಕೊಳ್ಳಲು ಅಲ್ಲಿ ಫೆಡರಲ್ ಸರಕಾರದ ಲೈಸೆನ್ಸ್ ಬೇಕಿಲ್ಲ. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡಗಿನಲ್ಲಿ ಕೋವಿಗೆ ಇರುವ ವಿನಾಯಿತಿಯೂ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ, ತಯಾರಿಕೆಗಲ್ಲ. ಹಾಗಾಗಿ ಮುಂದೆ ಹೇಳುವುದೆಲ್ಲ ಅಲ್ಲಿನ ಗ್ಯಾರೇಜುಗಳ ಸಮಾಚಾರ. ಆದರೂ ಇದರ ಹಿಂದಿರುವ ಲೋಹದ ಲೆಕ್ಕ ಲೇತ್ ಮುಂದೆ ನಿಂತ ಯಾರಿಗಾದರೂ ರುಚಿಸುವಂಥದ್ದು. ಅದಕ್ಕೇ ಈ ವಾರ ಇಲ್ಲಿಗೆ ತಂದಿದ್ದೇನೆ.

ಗ್ಯಾರೇಜಿನ ಎರಕದವರಿಗೆ ಸೀಸ ಸಿಗುವುದು ಗುಜರಿಯಿಂದ. ಕಾರಿನ ಚಕ್ರದ ಅಂಚಿಗೆ ಸಿಕ್ಕಿಸುವ ಬ್ಯಾಲೆನ್ಸ್ ತೂಕಗಳು ದಶಕಗಳ ಕಾಲ ಇವರ ಮುಖ್ಯ ಕಚ್ಚಾಮಾಲು. ಈಗ ಅವು ಹೆಚ್ಚಾಗಿ ಸತು, ಉಕ್ಕಿಗೆ ತಿರುಗಿವೆ. ಯುರೋಪಿನಲ್ಲಿ 2005ರಿಂದಲೇ ಹೊಸ ಕಾರುಗಳಿಗೆ ಸೀಸದ ತೂಕ ಹಾಕುವಂತಿಲ್ಲ. ಇನ್ನೊಂದು ಮೂಲ ಹಳೆಯ ಮುದ್ರಣಾಲಯ. ಲೈನೋಟೈಪ್ ಲೋಹದಲ್ಲಿ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ನಮ್ಮ ಊರಿನ ಪ್ರೆಸ್ಸುಗಳಲ್ಲಿ ಕೈಯಲ್ಲಿ ಅಚ್ಚುಮೊಳೆ ಜೋಡಿಸಿದವರಿಗೆ ಈ ಲೋಹದ ತೂಕ, ತಣ್ಣಗಿನ ಜಿಡ್ಡು ಸ್ಪರ್ಶ ನೆನಪಿರಬಹುದು. ಆಂಟಿಮನಿ ಇದ್ದರೆ ಎರಕ ತಣಿಯುವಾಗ ಕುಗ್ಗುವುದು ಕಡಿಮೆ, ಅಕ್ಷರದ ಅಂಚು ಚೂಪಾಗಿ ಮೂಡುತ್ತದೆ. ಗುಂಡಿನ ಅಂಚೂ ಅಷ್ಟೇ.

ಹೀಗೆ ಎರೆದ ಗುಂಡಿಗೆ ಮೊದಲೆಲ್ಲ ಜೇನುಮೇಣ ಬೆರೆಸಿದ ಗ್ರೀಸ್ ತುಂಬುತ್ತಿದ್ದರು. ಈಚೆಗೆ ಪೌಡರ್ ಕೋಟಿಂಗ್ ಬಂದಿದೆ. ಪೀಣ್ಯದ ಶೆಡ್ಡುಗಳಲ್ಲಿ ಕಿಟಕಿ ಗ್ರಿಲ್ಲಿಗೆ, ಬೀರುವಿಗೆ ಹಾಕುತ್ತಾರಲ್ಲ, ಅದೇ ಪಾಲಿಯೆಸ್ಟರ್ ಪುಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಡು, ಪುಡಿ ಎರಡನ್ನೂ ಹಾಕಿ ಕುಲುಕಿದರೆ ಸ್ಥಿರ ವಿದ್ಯುತ್ತಿನಿಂದ ಪುಡಿ ಮೆತ್ತಿಕೊಳ್ಳುತ್ತದೆ. ಆಮೇಲೆ ಒಲೆಯಲ್ಲಿ 200 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ 20 ನಿಮಿಷ ಬೇಯಿಸಿದರೆ ಗಟ್ಟಿ ಪದರವಾಗುತ್ತದೆ. ಸೀಸ ಕರಗುವುದು 327 ಡಿಗ್ರಿಗೆ, ಹಾಗಾಗಿ ಗುಂಡಿಗೆ ಅಪಾಯವಿಲ್ಲ. ಆಸ್ಟ್ರೇಲಿಯಾದಿಂದ ಬಂದ ಹೈ-ಟೆಕ್ ಎಂಬ ದ್ರವರೂಪದ ಕೋಟಿಂಗ್ ಕೂಡ ಇದೆ; ಅದನ್ನು ಅಸಿಟೋನಿನಲ್ಲಿ ಕಲಸಿ ತೆಳುವಾಗಿ ಎರಡು ಮೂರು ಸಲ ಬಳಿದು ಬೇಯಿಸುತ್ತಾರೆ. ಗ್ರೀಸಿನ ಹೊಗೆಯಿಲ್ಲ, ಕೈಗೆ ಸೀಸ ಹತ್ತುವುದಿಲ್ಲ. ಕೆಂಪು, ನೀಲಿ, ಹಸಿರು ಗುಂಡುಗಳು ಬಟ್ಟಲಲ್ಲಿ ಮಿಠಾಯಿಯಂತೆ ಕಾಣುತ್ತವೆ. ಮಕ್ಕಳಿರುವ ಮನೆಯಲ್ಲಿ ಇದು ಒಳ್ಳೆಯ ಗುಣವೇನಲ್ಲ.

ಸೀಸ ಇನ್ನು ಉಕ್ಕನ್ನು ಮುಟ್ಟುವುದೇ ಇಲ್ಲ ಅಂದುಕೊಂಡು ಶೂಟಿಂಗ್ ರೇಂಜಿಗೆ ಹೋಗಿ ಬಂದವನು ನಳಿಕೆಯೊಳಗೆ ಬೆಳಕು ಬಿಟ್ಟು ನೋಡುತ್ತಾನೆ. ಗೀರುಗಳ ಮೂಲೆಯಲ್ಲಿ ಬೂದು ಬಣ್ಣದ ಸಿಪ್ಪೆ. ಇಲ್ಲಿಂದ ಪುಡಿಯ ಮೇಲೆ ದೂರು ಶುರು. ಕಂಪನಿ ಬದಲಾಯಿಸುತ್ತಾರೆ, ಕೆಂಪು ಬಿಟ್ಟು ಹಸಿರು ತರಿಸುತ್ತಾರೆ, ಒಂದು ಪದರದ ಜಾಗದಲ್ಲಿ ಮೂರು ಹಾಕುತ್ತಾರೆ. ಸೀಸ ಮಾತ್ರ ಮತ್ತೆ ಹಾಜರು. ನನ್ನ ಮಟ್ಟಿಗೆ ಇದು ಬಹುಪಾಲು ಬಣ್ಣದ ದೋಷವೇ ಅಲ್ಲ, ಅಳತೆಯ ದೋಷ. ಪುಡಿಯ ಡಬ್ಬಿಯ ಮೇಲೆ ಖರ್ಚು ಮಾಡುವ ದುಡ್ಡನ್ನು ಮೊದಲು ಒಂದು ಒಳ್ಳೆಯ ಮೈಕ್ರೋಮೀಟರಿಗೆ ಹಾಕಬೇಕು.

ಯಾಕೆಂದರೆ ಸೀಸ ಹಿಡಿಯುವುದು ಬರಿ ತಿಕ್ಕಾಟದಿಂದಲ್ಲ. 9 ಎಂಎಂ ಪಿಸ್ತೂಲಿನಲ್ಲಿ ಮದ್ದು ಉರಿದಾಗ ಹುಟ್ಟುವ ಒತ್ತಡದ ಗರಿಷ್ಠ ಮಿತಿ ಚದರ ಇಂಚಿಗೆ 35,000 ಪೌಂಡು, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ 2,300 ಪಟ್ಟಿಗೂ ಮೇಲೆ. ಅನಿಲದ ಬಿಸಿ ಎರಡು ಸಾವಿರ ಡಿಗ್ರಿ ದಾಟಿರುತ್ತದೆ. ಗುಂಡು ನಳಿಕೆಗೆ ಬಿಗಿಯಾಗಿ ಕೂತಿದ್ದರೆ ಈ ಅನಿಲವೆಲ್ಲ ಅದರ ಬೆನ್ನಿಗೇ ನಿಂತು ತಳ್ಳುತ್ತದೆ. ಕೂದಲೆಳೆಯಷ್ಟು ಸಡಿಲವಿದ್ದರೆ ಪಕ್ಕದಿಂದ ನುಗ್ಗುತ್ತದೆ. ಬೋರ್‌ವೆಲ್ ಕೈಪಂಪಿನ ಚರ್ಮದ ವಾಷರ್ ಸವೆದರೆ ಎಷ್ಟು ಒತ್ತಿದರೂ ನೀರು ಪಕ್ಕದಿಂದ ಹಿಂದೆ ಇಳಿದುಹೋಗುತ್ತದಲ್ಲ, ಸೋರಿಕೆಯ ಸ್ವಭಾವ ಅದೇ. ವ್ಯತ್ಯಾಸ ಒಂದೇ, ಇಲ್ಲಿ ಸೋರುವುದು ಬೆಂಕಿ. ಅದು ಗುಂಡಿನ ಅಂಚನ್ನು ಕೊಯ್ದು, ಕರಗಿದ ಸೀಸದ ಹನಿಗಳನ್ನು ಮುಂದಿನ ಉಕ್ಕಿಗೆ ಎರಚುತ್ತದೆ. ಅದರ ಮೇಲೇ ಗುಂಡು ಉಜ್ಜಿಕೊಂಡು ಹೋಗಿ ಬೆಸುಗೆ ಹಾಕಿದಂತೆ ಒತ್ತುತ್ತದೆ. ಪಾಲಿಯೆಸ್ಟರ್ ಪದರ ಈ ಬೆಂಕಿಯ ಮುಂದೆ ಏನೂ ಅಲ್ಲ.

ಹಾಗಾಗಿ ರೋಗ ಪತ್ತೆಗೆ ಮೊದಲು ನೋಡಬೇಕಾದ್ದು ಸೀಸ ಎಲ್ಲಿ ಕೂತಿದೆ ಎಂಬುದನ್ನು. ತೋಟಾ ಕೂರುವ ಕೋಣೆ ಮುಗಿದ ಕೂಡಲೇ, ಗೀರುಗಳು ಶುರುವಾಗುವ ಮೊದಲ ಒಂದೆರಡು ಇಂಚಿನಲ್ಲೇ ದಪ್ಪಗೆ ಇದ್ದರೆ ಗುಂಡು ಸಣ್ಣದಾಗಿದೆ, ಅನಿಲ ಸೋರುತ್ತಿದೆ. ಮೊದಲ ಭಾಗ ಚೊಕ್ಕಟವಿದ್ದು ಬಾಯಿಯ ಕಡೆಗೆ ಕಂಡರೆ ಪದರ ದಾರಿಯಲ್ಲಿ ಸವೆದುಹೋಗಿದೆ, ಇಲ್ಲವೇ ನಳಿಕೆಯ ಒಳಮೈ ಒರಟಾಗಿದೆ. ಗೀರಿನ ಒಂದೇ ಬದಿಯ ಅಂಚಿಗುಂಟ ಉದ್ದಕ್ಕೂ ಇದ್ದರೆ ಗುಂಡು ತಿರುವನ್ನು ಹಿಡಿಯಲಾರದೆ ಜಾರಿದೆ. ಅದು ಹಿಡಿಯುವುದು ಸುಲಭವೂ ಅಲ್ಲ: ಹತ್ತು ಇಂಚಿಗೆ ಒಂದು ಸುತ್ತಿನ ನಳಿಕೆಯಿಂದ ಸೆಕೆಂಡಿಗೆ 340 ಮೀಟರ್ ವೇಗದಲ್ಲಿ ಹೊರಬೀಳುವ ಗುಂಡು ನಿಮಿಷಕ್ಕೆ 80 ಸಾವಿರ ಸುತ್ತಿನ ಲೆಕ್ಕದಲ್ಲಿ ತಿರುಗುತ್ತಿರುತ್ತದೆ. ನಿಂತಲ್ಲಿಂದ ಆ ವೇಗಕ್ಕೆ ಬರಲು ಅದಕ್ಕೆ ಸಿಗುವ ಸಮಯ ಒಂದು ಮಿಲಿಸೆಕೆಂಡು, ಅಷ್ಟೂ ಇಲ್ಲ.

ಕಂಡದ್ದೆಲ್ಲ ಸೀಸವೂ ಅಲ್ಲ. ಆಂಟಿಮನಿ ಹೆಚ್ಚಿರುವ ಲೋಹ ನಳಿಕೆಯಲ್ಲಿ ತೆಳು ಬೂದು ಮಬ್ಬು ಬಿಡುತ್ತದೆ. ಎಣ್ಣೆ ಬಟ್ಟೆ ಎಳೆದರೆ ಹೋಗುತ್ತದೆ. ಬಟ್ಟೆಯ ಮೇಲೆ ಕೆಂಪೋ ಹಸಿರೋ ಕಂಡರೆ ಅದು ಕೋಟಿಂಗಿನ ಬಣ್ಣ. ನಿಜವಾದ ಸೀಸ ಹಿತ್ತಾಳೆ ಬ್ರಷ್ಷಿಗೆ ಚೂರು ಚೂರಾಗಿ, ಹೊಳೆಯುವ ಸಣ್ಣ ಸಿಪ್ಪೆಗಳಾಗಿ ಬರುತ್ತದೆ. ಬಿಳಿ ಕಾಗದದ ಮೇಲೆ ಕೊಡವಿ ನೋಡಿದರೆ ಅನುಮಾನ ಉಳಿಯುವುದಿಲ್ಲ.

ಈಗ ಅಳತೆ. ವರ್ಕ್‌ಶಾಪಿನವರು ಥೌ ಎನ್ನುವ ಇಂಚಿನ ಸಾವಿರದ ಒಂದು ಪಾಲು, ಅಂದರೆ 0.025 ಮಿಲಿಮೀಟರ್, ಇಲ್ಲಿ ನಾಣ್ಯ. ಎರಕದ ಗುಂಡು ಗೀರಿನ ತಳದಿಂದ ತಳಕ್ಕಿರುವ ವ್ಯಾಸಕ್ಕಿಂತ ಒಂದು ಥೌ ಆದರೂ ದಪ್ಪ ಇರಬೇಕು ಎಂಬುದು ಹಳಬರ ನಿಯಮ, ಕೋಟಿಂಗ್ ಬಂದ ಮೇಲೂ ಅದು ಬದಲಾಗಿಲ್ಲ. 9 ಎಂಎಂನಲ್ಲಿ ಪುಸ್ತಕದ ಪ್ರಕಾರ ಆ ವ್ಯಾಸ 0.355 ಇಂಚು. ಆದರೆ ಕಾರ್ಖಾನೆಯಿಂದ ಬರುವ ನಳಿಕೆಗಳು ಪುಸ್ತಕ ಓದಿರುವುದಿಲ್ಲ, 0.356, 0.357 ಇರುವವೂ ಉಂಟು. ಗೊತ್ತಾಗಬೇಕಾದರೆ ಬಂದೂಕು ಖಾಲಿಯಿದೆ ಎಂದು ಖಾತ್ರಿ ಮಾಡಿಕೊಂಡು, ನಳಿಕೆ ಬಿಚ್ಚಿ, ಎಣ್ಣೆ ಹಚ್ಚಿ, ಮೆತ್ತನೆಯ ಸೀಸದ ತುಂಡೊಂದನ್ನು ಮೆಲ್ಲಗೆ ಬಡಿಯುತ್ತ ಆಚೆ ದಾಟಿಸಬೇಕು. ಹೊರಬಂದ ತುಂಡಿನ ಮೇಲೆ ನಳಿಕೆಯ ಒಳಮೈಯ ಪಡಿಯಚ್ಚು ಮೂಡಿರುತ್ತದೆ. ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರುಗಳಲ್ಲಿ ಗೀರು ಐದು. ಬೆಸ ಸಂಖ್ಯೆಯಾದ್ದರಿಂದ ಒಂದು ಗೀರಿನ ಎದುರಿಗೆ ಇನ್ನೊಂದು ಗೀರು ಬರುವುದಿಲ್ಲ, ಮಾಮೂಲಿ ಮೈಕ್ರೋಮೀಟರ್ ತಪ್ಪು ಹೇಳುತ್ತದೆ. ಅದಕ್ಕೆ ವಿ ಆಕಾರದ ಬಾಯಿಯದೇ ಬೇಕು.

ಇಷ್ಟೆಲ್ಲ ಮಾಡಿ 0.357ಕ್ಕೆ ಗುಂಡು ತಂದವನ ನಳಿಕೆಗೂ ಸೀಸ ಹಿಡಿಯುವುದುಂಟು. ಇಲ್ಲೇ ಹೆಚ್ಚಿನವರು ಕೈಚೆಲ್ಲಿ ಪುಡಿಯನ್ನು ಬೈಯಲು ಹೊರಡುವುದು. ಅವರು ಅಳೆದಿರುವುದು ತಟ್ಟೆಯಲ್ಲಿರುವ ಗುಂಡನ್ನು. ನಳಿಕೆಗೆ ಹೋಗುವುದು ಹಿತ್ತಾಳೆ ಕೇಸಿನೊಳಗೆ ಕೂತು ಹೊರಬಂದ ಗುಂಡು. ಎರಡೂ ಒಂದೇ ಅಂದುಕೊಳ್ಳುವುದರಲ್ಲೇ ಎಡವಟ್ಟಿದೆ.

ಮದ್ದು, ಪ್ರೈಮರ್ ಎರಡೂ ಇಲ್ಲದ ಡಮ್ಮಿ ತೋಟಾ ಒಂದನ್ನು ಮಾಡಿಕೊಂಡು, ಸುತ್ತಿಗೆಯಾಕಾರದ ಪುಲ್ಲರಿನಲ್ಲಿ ಸಿಕ್ಕಿಸಿ ಮರದ ಮೇಲೆ ಎರಡೇಟು ಹಾಕಿದರೆ ಗುಂಡು ಈಚೆ ಬರುತ್ತದೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೂತಿಯ ಕಡೆ ಬಣ್ಣ ಹೊಳೆಯುತ್ತಿರುತ್ತದೆ. ನಡುವೆ ಕೇಸಿನ ಬಾಯಿ ಕಚ್ಚಿದ ಉಂಗುರದ ಗುರುತು. ಅದರ ಕೆಳಗೆ ಬಣ್ಣ ಕೆರೆದು ಬೆಳ್ಳಗೆ ಸೀಸ ಇಣುಕುತ್ತಿದ್ದರೆ ಒಂದು ತಪ್ಪು ಸಿಕ್ಕಿತು: ಗುಂಡು ಕೂರಿಸುವ ಮುಂಚೆ ಕೇಸಿನ ಬಾಯನ್ನು ಸಾಕಷ್ಟು ಅಗಲಿಸಿಲ್ಲ, ಹಿತ್ತಾಳೆಯ ಚೂಪು ಅಂಚು ಪದರವನ್ನು ಸುಲಿದಿದೆ. ಈಗ ಬುಡದ ಹತ್ತಿರ ಮೈಕ್ರೋಮೀಟರ್ ಇಟ್ಟು ತಿರುಗಿಸಿ. 0.357 ಇದ್ದದ್ದು 0.354 ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ.

ಕಾರಣ ಕೇಸಿನ ರಚನೆಯಲ್ಲಿದೆ. 9 ಎಂಎಂ ಕೇಸು ಓರೆಯಾಗಿರುತ್ತದೆ, ಒಳಗಿನ ಗೋಡೆ ಬುಡಕ್ಕೆ ಹೋದಂತೆ ದಪ್ಪವಾಗುತ್ತದೆ. ಅದನ್ನು ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಪ್ಲಗ್ಗನ್ನು ಕಾರ್ಖಾನೆಯವರು ಮಾಡಿರುವುದು ತಾಮ್ರ ಹೊದಿಸಿದ 0.355ರ ಗುಂಡಿನ ಲೆಕ್ಕಕ್ಕೆ. ತಾಮ್ರದ ಗುಂಡಿಗೆ ಆ ಹಿಡಿತ ಒಳ್ಳೆಯದೇ. ಸೀಸದ ಗುಂಡಿನಲ್ಲಿ ಹಿತ್ತಾಳೆಯೇ ಗೆಲ್ಲುತ್ತದೆ; ಬುಡ ಅದುಮಿಕೊಂಡು ಸಣ್ಣದಾಗುತ್ತದೆ. ಇದರ ಮೇಲೆ ಕೇಸಿನ ಬಾಯನ್ನು ಬಿಗಿಸುವ, ಕಾರ್ಬೈಡ್ ಉಂಗುರವಿರುವ ಕ್ರಿಂಪ್ ಡೈನಲ್ಲಿ ತೋಟಾವನ್ನು ಇನ್ನೊಮ್ಮೆ ಒತ್ತಿದರೆ ಕೇಸಿನ ಹೊರಗಿನಿಂದಲೂ ಹಿಂಡಿದಂತೆ. ಕೇಸು ಹಿತ್ತಾಳೆಯಾದ್ದರಿಂದ ಮತ್ತೆ ತುಸು ಹಿಗ್ಗುತ್ತದೆ, ಸೀಸ ಹಿಗ್ಗುವುದಿಲ್ಲ. ಪರಿಣಾಮವಾಗಿ ಗುಂಡು ಸಣ್ಣದೂ ಆಯಿತು, ಹಿಡಿತ ಸಡಿಲವೂ ಆಯಿತು. ಈ ಡೈ ತಾಮ್ರದ ಗುಂಡಿಗೆ ಉಪಕಾರಿ ಇರಬಹುದು, ಎರಕದ ಗುಂಡಿಗೆ ಮಾತ್ರ ಅದನ್ನು ಮೇಜಿನಿಂದ ಇಳಿಸುವುದೇ ಒಳ್ಳೆಯದು. ಮಾಮೂಲಿಗಿಂತ ಎರಡು ಮೂರು ಥೌ ಹೆಚ್ಚು ದಪ್ಪದ, ಗುಂಡು ಕೂರುವ ಆಳದಷ್ಟೇ ಉದ್ದ ಇಳಿಯುವ ಪ್ಲಗ್ ಹಾಕಿಕೊಂಡರೆ ಹಲವರ ಸಮಸ್ಯೆ ಅಲ್ಲಿಗೇ ತೀರುತ್ತದೆ. ಒಂದು ಚೂರು ಪುಡಿ ಬದಲಾಯಿಸದೆ.

ರಿವಾಲ್ವರಿನಲ್ಲಿ ಕತೆ ಬೇರೆ. ಅಲ್ಲಿ ಗುಂಡು ಮೊದಲು ಸಿಲಿಂಡರಿನ ಕೊರಳು ದಾಟಬೇಕು. ನಳಿಕೆ 0.357, ಕೊರಳು 0.356 ಇದ್ದರೆ ನೀವು ಎಷ್ಟೇ ದಪ್ಪ ಗುಂಡು ಹಾಕಿ, ಕೊರಳು ಅದನ್ನು ಸಣ್ಣ ಮಾಡಿಯೇ ಕಳಿಸುತ್ತದೆ. ನಳಿಕೆಯನ್ನು ಫ್ರೇಮಿಗೆ ಬಿಗಿಯಾಗಿ ತಿರುಪಿದ ಜಾಗದಲ್ಲೂ ಒಳವ್ಯಾಸ ಅರ್ಧ ಥೌ, ಒಂದು ಥೌ ಕುಗ್ಗಿರುವುದುಂಟು. ಇದು ಕೋಟಿಂಗಿನಿಂದ ಸರಿಹೋಗುವ ಕೆಲಸವಲ್ಲ, ರೀಮರ್ ಹಿಡಿದ ಗನ್‌ಸ್ಮಿತ್ ಮಾಡಬೇಕಾದ್ದು. 1935ರಲ್ಲಿ .357 ಮ್ಯಾಗ್ನಮ್ ಹೊರಬಂದಾಗ ಕಾರ್ಖಾನೆಯ ಬರಿ ಸೀಸದ ಗುಂಡುಗಳು ನಳಿಕೆಗೆ ಸೀಸ ಮೆತ್ತುವುದಕ್ಕೆ ಕುಖ್ಯಾತವಾಗಿದ್ದವು. ಮೆತ್ತನೆಯ ಲೋಹ, ಏರಿದ ಒತ್ತಡ.

ಹಾಗಂತ ಗಟ್ಟಿ ಲೋಹವೇ ಮದ್ದು ಅಂದುಕೊಳ್ಳುವುದೂ ತಪ್ಪು. ಶುದ್ಧ ಸೀಸದ ಗಡಸುತನ ಬ್ರಿನೆಲ್ ಅಳತೆಯಲ್ಲಿ 5, ಲೈನೋಟೈಪಿನದು 22ರ ಆಸುಪಾಸು. ಕಡಿಮೆ ಒತ್ತಡದ .38 ಸ್ಪೆಷಲ್ ತೋಟಾಕ್ಕೆ ಲೈನೋಟೈಪ್ ಗುಂಡು ಹಾಕಿದರೆ ಅದು ಉಬ್ಬಿ ನಳಿಕೆಯನ್ನು ತುಂಬುವುದೇ ಇಲ್ಲ, ಸಂದು ಸಂದಾಗಿಯೇ ಉಳಿದು ಅನಿಲ ಸೋರುತ್ತದೆ. ಲೈನೋಟೈಪನ್ನು ಹಾಗೇ ಗುಂಡು ಮಾಡುವುದು ದುಬಾರಿ ಶೋಕಿ. ಮೆತ್ತನೆ ಸೀಸಕ್ಕೆ ಹೆಪ್ಪಿನಂತೆ ಸ್ವಲ್ಪ ಬೆರೆಸಿದರೆ ಸಾಕು. ಇನ್ನು ಅಚ್ಚಿನಿಂದ ನೇರ ತಣ್ಣೀರಿಗೆ ಬೀಳಿಸಿ ಗುಂಡನ್ನು ಗಟ್ಟಿ ಮಾಡಿಕೊಂಡವರು ಮರೆಯುವುದೊಂದಿದೆ. ಪುಡಿ ಬೇಯಿಸುವ 200 ಡಿಗ್ರಿಯ ಒಲೆ ಆ ಗಡಸನ್ನು ಇಳಿಸಿಬಿಡುತ್ತದೆ. ಬೇಕೇ ಬೇಕೆಂದರೆ ಒಲೆಯಿಂದ ತೆಗೆದ ಕೂಡಲೇ ಮತ್ತೆ ನೀರಿಗೆ ಹಾಕಬೇಕು.

ಕೋಟಿಂಗಿನದೇ ತಪ್ಪಿರುವ ಸಂದರ್ಭಗಳೂ ಇಲ್ಲದಿಲ್ಲ. ಅದರಲ್ಲಿ ಮೊದಲನೆಯದು ಅರೆಬೆಂದ ಪದರ. ಪುಡಿಯ ಪೊಟ್ಟಣದ ಮೇಲೆ ಬರೆದ 20 ನಿಮಿಷ ಶುರುವಾಗುವುದು ಲೋಹ ಆ ಬಿಸಿಗೆ ಬಂದ ಮೇಲೆ, ಒಲೆಯ ಗುಂಡಿ ತಿರುಗಿಸಿದಾಗಲ್ಲ. ಟ್ರೇ ತುಂಬ ಐದು ಕಿಲೋ ತಣ್ಣಗಿನ ಸೀಸ ಇಟ್ಟರೆ ಬ್ರೆಡ್ಡು ಬಿಸಿ ಮಾಡುವ ಪುಟ್ಟ ಒಲೆ ಅದನ್ನು ಕಾಯಿಸುವಷ್ಟರಲ್ಲೇ ಅರ್ಧ ಸಮಯ ಮುಗಿದಿರುತ್ತದೆ. ಅಂಥ ಒಲೆಯ ಮೇಲಿನ ಅಂಕಿಯನ್ನು ನಂಬುವುದಕ್ಕಿಂತ ಒಳಗೊಂದು ಥರ್ಮಾಮೀಟರ್ ಇಡುವುದು ಮೇಲು. ಬೆಂದಿದೆಯೇ ಎಂದು ನೋಡಲು ಅಸಿಟೋನ್ ಅದ್ದಿದ ಬಟ್ಟೆಯಿಂದ ತಿಕ್ಕಿ. ಬಣ್ಣ ಬಟ್ಟೆಗೆ ಬರಬಾರದು. ಒಂದು ಗುಂಡನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ; ಪದರ ಸೀಸದ ಜೊತೆಗೇ ಹಿಗ್ಗಬೇಕು, ಹೆಕ್ಕಳಿಕೆಯಾಗಿ ಉದುರಬಾರದು. ಉದುರಿದರೆ ಗುಂಡಿನ ಮೇಲೆ ಎಣ್ಣೆಯೋ ಮೇಣವೋ ಇತ್ತೆಂದು ಲೆಕ್ಕ. ಅಚ್ಚಿಗೆ ಧಾರಾಳವಾಗಿ ಎಣ್ಣೆ ಬಿಡುವವರಿಗೆ ಈ ಕಾಟ ಜಾಸ್ತಿ.

ನಳಿಕೆಯ ಕಡೆಯಿಂದಲೂ ಎರಡು ಮಾತು. ಮೊದಲು ಬಳಸಿದ ತಾಮ್ರದ ಗುಂಡುಗಳ ಲೇಪ ಉಳಿದಿದ್ದರೆ ಅದರ ಮೇಲೆ ಸೀಸ ಬೇಗ ಹತ್ತುತ್ತದೆ. ಹಾಗಾಗಿ ತಾಮ್ರ, ಸೀಸ ಎರಡನ್ನೂ ಬರಿ ಉಕ್ಕು ಕಾಣುವವರೆಗೆ ತೆಗೆದೇ ಹೊಸ ಪ್ರಯೋಗ ಶುರು ಮಾಡಬೇಕು. ಇಲ್ಲದಿದ್ದರೆ ಇಂದಿನ ಸೀಸ ಯಾವುದು, ಹೋದ ತಿಂಗಳದ್ದು ಯಾವುದು ಎಂದು ಹೇಳುವುದಕ್ಕೇ ಆಗುವುದಿಲ್ಲ. ಗ್ಲಾಕ್ ಪಿಸ್ತೂಲುಗಳ ಮೂಲ ನಳಿಕೆಯಲ್ಲಿ ಚೂಪು ಗೀರುಗಳ ಬದಲು ಉರುಟಾದ ಬಹುಭುಜ ತಿರುವು ಇದೆ. ಬರಿ ಸೀಸದ ಗುಂಡು ಬೇಡವೆಂದು ಕಂಪನಿಯೇ ಹೇಳುತ್ತದೆ. ಕೋಟಿಂಗ್ ಮಾಡಿದ್ದು ಅದರಲ್ಲಿ ನಡೆಯುತ್ತದೆಂದು ಹೊಡೆಯುವವರು ಬಹಳ ಮಂದಿ. ಅವರು ಪ್ರತಿ ಸಲ ನಳಿಕೆಯೊಳಗೆ ಇಣುಕಿ ನೋಡುವ ಅಭ್ಯಾಸ ಇಟ್ಟುಕೊಂಡರೆ ಕ್ಷೇಮ, ಸೀಸ ಕಟ್ಟಿ ದಾರಿ ಕಿರಿದಾದರೆ ಒತ್ತಡ ಮಿತಿ ಮೀರುತ್ತದೆ.

ಕಟ್ಟಿದ ಸೀಸವನ್ನು ಬಿಡಿಸಲು ಪಾತ್ರೆ ತಿಕ್ಕುವ ಶುದ್ಧ ತಾಮ್ರದ ನಾರಿನ ಎಳೆಗಳನ್ನು ಹಳೆಯ ಬ್ರಷ್ಷಿಗೆ ಸುತ್ತಿ ಹತ್ತಾರು ಸಲ ಎಳೆದರೆ ಸಾಕು. ತಾಮ್ರ ಸೀಸವನ್ನು ಹೆರೆಯುತ್ತದೆ, ಉಕ್ಕನ್ನು ಗೀರುವುದಿಲ್ಲ. ತಾಮ್ರದ ಲೇಪವಷ್ಟೇ ಇರುವ ಉಕ್ಕಿನ ನಾರು ಮಾತ್ರ ಬೇಡ. ಆಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ತಾಮ್ರದ ಗುಂಡು ನಾಲ್ಕು ಹೊಡೆದು ಸೀಸವನ್ನು ದಬ್ಬಿ ಕಳಿಸುವ ಹಳೆಯ ಚಾಳಿ ಅಪಾಯದ್ದು. ವಿನಿಗರಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ನಳಿಕೆಗೆ ತುಂಬುವ ಇನ್ನೊಂದು ಉಪಾಯವಂತೂ ಬೇಡವೇ ಬೇಡ. ಸೀಸ ಕರಗುವುದು ನಿಜ, ಆದರೆ ಕರಗಿ ಆಗುವುದು ಲೆಡ್ ಅಸಿಟೇಟ್. ನೀರಿನಲ್ಲಿ ಕರಗುವ, ಮೈಗೆ ಸುಲಭವಾಗಿ ಸೇರುವ ವಿಷ ಅದು. ನಲ್ಲಿಯ ಕೆಳಗೆ ಸುರಿದು ಕೈ ತೊಳೆದುಕೊಳ್ಳುವಂಥದ್ದಲ್ಲ. ಹೆಚ್ಚು ಹೊತ್ತು ಬಿಟ್ಟರೆ ನಳಿಕೆಯ ಉಕ್ಕನ್ನೂ ಅದು ತಿಂದು ಹೊಂಡ ಬೀಳಿಸುತ್ತದೆ, ಮುಂದಿನ ಸೀಸ ಹಿಡಿಯುವುದು ಆ ಹೊಂಡಗಳಲ್ಲೇ.